ಕುದುರೆಯ ಕಣ್ಣಿಗೆ ಕೊಡೆಯೂ ಹುಲಿಯೇ



ನಮ್ಮ ಕಡೆಯ ಮದುವೆಗಳಲ್ಲಿ ವರ ಕೊಡೆ ಹಿಡಿದುಕೊಂಡು ಕಾಶಿಯಾತ್ರೆಗೆ ನಡೆದೇ ಹೊರಡುತ್ತಾನೆ. ಗುಜರಾತಿನಲ್ಲಿ ಹುಟ್ಟಿ ಬೆಳೆದ ನಿಮಗಾದರೋ, ಮದುವೆ ಎಂದೊಡನೆ ಕಣ್ಣ ಮುಂದೆ ಬರುವುದು ವರಘೋಡೊ. ಮುಂದೆ ಬ್ಯಾಂಡು, ಹಿಂದೆ ಡಿಜೆ ಲಾರಿ, ಎರಡೂ ಕಡೆ ದೀಪದ ಸಾಲು, ನಡುವೆ ಪಟಾಕಿ, ಇಷ್ಟೆಲ್ಲದರ ಮಧ್ಯೆ ಝರಿಯ ಹೊದಿಕೆ ಹೊದ್ದ ಒಂದು ಕುದುರೆ. ಎಲ್ಲರೂ ವರನನ್ನು ನೋಡುತ್ತಾರೆ, ಕುದುರೆಯನ್ನು ನೋಡುವವರು ಕಡಿಮೆ. ಆದರೆ ಒಂದು ಕ್ಷಣ ಯೋಚಿಸಿ. ಹುಟ್ಟಿನಿಂದಲೇ ಪುಕ್ಕಲು ಸ್ವಭಾವದ ಈ ಪ್ರಾಣಿ ಅಷ್ಟು ಗದ್ದಲದಲ್ಲಿ ಓಡಿಹೋಗದೆ ನಿಂತಿದೆಯೆಂದರೆ, ಅದರ ಹಿಂದೆ ಯಾರದೋ ತಿಂಗಳುಗಟ್ಟಲೆಯ ತಾಳ್ಮೆ ಇರಬೇಕು. ಇಲ್ಲವೇ ಯಾರದೋ ಚಾವಟಿ ಇರಬೇಕು. ಈ ಎರಡು ದಾರಿಗಳಲ್ಲಿ ಯಾವುದು ನಿಜವಾಗಿ ಧೈರ್ಯ ಕಲಿಸುತ್ತದೆ ಎಂಬುದೇ ಈ ಲೇಖನದ ವಿಷಯ.

ನಾನು ಕುದುರೆ ಏರಿದವಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕುದುರೆಗೂ ನನಗೂ ಇದ್ದ ನಂಟು ಅಡಿಗೆಮನೆಯ ಹುರುಳಿ ಡಬ್ಬಿಯಷ್ಟೇ. ಆದರೆ ಬೋಪಾಲಿನ ಹೊರವಲಯದ ಸವಾರಿ ಮೈದಾನವೊಂದರ ಬೇವಿನ ಮರದ ಕೆಳಗೆ ಒಂದು ಮಳೆಗಾಲವಿಡೀ ಕುಳಿತು ನೋಡಿದ್ದರಿಂದ, ಆಮೇಲೆ ಕುತೂಹಲಕ್ಕೆಂದು ಓದಿದ್ದರಿಂದ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕುದುರೆ ಏಕೆ ಬೆದರುತ್ತದೆ?

ಹುಲಿ, ಸಿಂಹ, ತೋಳಗಳಿಗೆ ಕೊಂಬಿಲ್ಲ; ಕುದುರೆಗೂ ಕೊಂಬಿಲ್ಲ. ವ್ಯತ್ಯಾಸವೇನೆಂದರೆ ಅವು ತಿನ್ನುವ ಜಾತಿ, ಇದು ತಿನ್ನಿಸಿಕೊಳ್ಳುವ ಜಾತಿ. ಬಯಲಿನಲ್ಲಿ ಹುಲ್ಲು ಮೇಯುವ ಈ ಪ್ರಾಣಿಗೆ ಪ್ರಕೃತಿ ಕೊಟ್ಟ ಮುಖ್ಯ ಆಯುಧ ಓಟ. ಮೊದಲು ಓಡು, ಆಮೇಲೆ ತಿರುಗಿ ನೋಡು - ಇದೇ ಅದರ ಬಾಳಿನ ಸೂತ್ರ. ಪೊದೆಯಲ್ಲಿ ಸದ್ದಾದದ್ದು ಗಾಳಿಯೋ ಸಿಂಹವೋ ಎಂದು ಚರ್ಚಿಸುತ್ತ ನಿಂತ ಕುದುರೆಯ ಸಂತಾನ ಮುಂದುವರಿಯಲಿಲ್ಲ. ಓಡಿದ್ದರ ಮೊಮ್ಮಕ್ಕಳೇ ಇಂದಿನ ಕುದುರೆಗಳು.

ಅದರ ಕಣ್ಣೂ ನಮ್ಮ ಕಣ್ಣಿನಂತಲ್ಲ. ತಲೆಯ ಎರಡು ಮಗ್ಗುಲುಗಳಲ್ಲಿ ಇರುವುದರಿಂದ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಹಣೆಯ ನೇರ ಮುಂದೆ ಒಂದಿಷ್ಟು, ಬಾಲದ ಹಿಂದೆ ಒಂದಿಷ್ಟು ಜಾಗ ಮಾತ್ರ ಕಾಣದು. ಕೆಂಪು ಹಸಿರುಗಳ ಭೇದ ಅದಕ್ಕೆ ಸರಿಯಾಗಿ ತಿಳಿಯದು. ನೀಲಿ ಹಳದಿಗಳು ತಿಳಿಯುತ್ತವೆ. ಬೆಳಕಿನಿಂದ ನೆರಳಿಗೆ ಹೋದಾಗ ಅದರ ಕಣ್ಣು ಹೊಂದಿಕೊಳ್ಳುವುದಕ್ಕೆ ನಮಗಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ನಮಗೆ ಬರೀ ನೆರಳಾಗಿ ಕಾಣುವುದು ಅದಕ್ಕೆ ಹೊಂಡವಾಗಿ ಕಾಣಬಹುದು. ನಮಗೆ ಕೇಳಿಸದ ಕೀರಲು ಸದ್ದುಗಳೂ ಅದಕ್ಕೆ ಕೇಳಿಸುತ್ತವೆ. ಎರಡು ಕಿವಿಗಳನ್ನೂ ಬೇರೆ ಬೇರೆಯಾಗಿ ತಿರುಗಿಸಬಲ್ಲದು. ನಮ್ಮ ಈ ರಾಜ್ಯದ ಹೆಮ್ಮೆಯಾದ ಕಾಠಿಯಾವಾಡಿ ತಳಿಯನ್ನು ನೋಡಿದ್ದೀರಲ್ಲವೇ? ಒಳಮುಖವಾಗಿ ಬಾಗಿ ತುದಿ ತುದಿ ಮುಟ್ಟುವ ಆ ಕಿವಿಗಳು ಅಂದಕ್ಕೆ ಮಾತ್ರ ಅಲ್ಲ, ಕುದುರೆಯ ಮನಸ್ಸನ್ನು ಓದುವ ಪುಟಗಳೂ ಹೌದು.

ಇಂಥ ಪ್ರಾಣಿಗೆ ಗಾಳಿಗೆ ಹಾರಿಬಂದ ಒಂದು ಪ್ಲಾಸ್ಟಿಕ್ ಚೀಲ, ಥಟ್ಟನೆ ಬಿಚ್ಚಿಕೊಂಡ ಒಂದು ಕೊಡೆ, ಉತ್ತರಾಯಣದಲ್ಲಿ ಮರಕ್ಕೆ ಸಿಕ್ಕಿ ಪಟಪಟ ಎನ್ನುವ ಒಂದು ಗಾಳಿಪಟ - ಎಲ್ಲವೂ ಹುಲಿಯೇ. ಅದು ನಾಟಕವಾಡುತ್ತಿಲ್ಲ, ಹಠ ಮಾಡುತ್ತಿಲ್ಲ. ಅದಕ್ಕೆ ನಿಜವಾಗಿಯೂ ಪ್ರಾಣಭಯ.

ಒಂದು ನೀಲಿ ತಾಡಪತ್ರಿ

ಬೋಪಾಲಿನಲ್ಲಿ ಯಾವ ದಿಕ್ಕಿಗೆ ನೋಡಿದರೂ ಒಂದು ಕಟ್ಟಡ ಏಳುತ್ತಿರುತ್ತದೆ. ಮಳೆಗಾಲ ಬಂತೆಂದರೆ ಮರಳಿನ ರಾಶಿ, ಸಿಮೆಂಟ್ ಮೂಟೆಗಳ ಮೇಲೆಲ್ಲ ನೀಲಿ ಹೊದಿಕೆ. ನಮ್ಮ ಧಾರವಾಡದ ಕಡೆಯಂತೆಯೇ ಇಲ್ಲಿಯೂ ಅದಕ್ಕೆ ತಾಡಪತ್ರಿ ಎನ್ನುತ್ತಾರೆ. ನನ್ನ ತಂಗಿಯ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸವಾರಿ ಕಲಿಯುತ್ತಿದ್ದಳು. ಅವಳ ಪಾಲಿಗೆ ಬಂದದ್ದು ಕಂದುಬಣ್ಣದ ಒಂದು ಕಾಠಿಯಾವಾಡಿ ಹೆಣ್ಣುಕುದುರೆ. ಒಂದು ಸಂಜೆ ಗಾಳಿಗೆ ತಾಡಪತ್ರಿಯ ಮೂಲೆ ಎದ್ದು ಬಡಿದದ್ದೇ ತಡ, ಕುದುರೆ ಹುಡುಗಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಗೇಟು ದಾಟಿ ಓಡಿತು. ಲಾರಿಗಳು ಓಡಾಡುವ ರಸ್ತೆಯ ಅಂಚಿಗೆ ಬಂದು ನಿಂತಿತು. ದೇವರ ದಯೆ, ಹುಡುಗಿ ಬೀಳಲಿಲ್ಲ.

ಅಂದು ರಾತ್ರಿ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಇನ್ನು ಸವಾರಿ ಸಾಕು" ಎಂದಳು ನನ್ನ ತಂಗಿ. ಅತ್ತ ಕುದುರೆಯ ಮಾಲೀಕರು, ಇನ್ನೊಮ್ಮೆ ಹೀಗಾದರೆ ಇದನ್ನು ಬಂದ ಬೆಲೆಗೆ ಮಾರಿಬಿಡುತ್ತೇನೆ ಎಂದರು. ಬೆದರುವ ಕುದುರೆ ಎಂದು ಹೆಸರು ಬಿದ್ದ ಮೇಲೆ ಅದರ ಗತಿ ಏನೆಂದು ಹೇಳಬೇಕಾಗಿಲ್ಲ. ಕೈಯಿಂದ ಕೈಗೆ ದಾಟುತ್ತ, ಪ್ರತಿ ಕೈಯಲ್ಲೂ ಹೆಚ್ಚು ಪೆಟ್ಟು ತಿನ್ನುತ್ತ, ಕೊನೆಗೆ ಯಾವ ಬಂಡಿಗೋ ಕಟ್ಟಿಸಿಕೊಳ್ಳುತ್ತದೆ. ಹುಡುಗಿ ನನ್ನ ಬಳಿ ಬಂದು, "ದೊಡ್ಡಮ್ಮ, ಅದರದ್ದೇನು ತಪ್ಪು? ಅದಕ್ಕೆ ಹೆದರಿಕೆ ಆಯ್ತು, ಅಷ್ಟೇ ತಾನೇ?" ಎಂದು ಕೇಳಿದಳು. ಸವಾರಿ ಕಲಿಸುತ್ತಿದ್ದ ವಯಸ್ಸಾದ ಕಾಕಾ ಒಬ್ಬರೇ ಅವಳ ಪರ ನಿಂತದ್ದು. "ನವರಾತ್ರಿಯವರೆಗೆ ಸಮಯ ಕೊಡಿ" ಎಂದರು ಅವರು. ಯಾರಾದರೂ ದೊಡ್ಡವರು ಜೊತೆಗಿರಬೇಕೆಂಬ ಷರತ್ತಿನ ಮೇಲೆ ತಂಗಿ ಒಪ್ಪಿದಳು. ಹಾಗೆ ನನಗೆ ಆ ಬೇವಿನ ಮರದ ಕೆಳಗಿನ ಕಾವಲು ಕೆಲಸ ಸಿಕ್ಕಿತು.

ಹಿಂದೆ ಸರಿಯುವುದೇ ಬಹುಮಾನ

ಕಾಕಾ ಮೊದಲು ಮಾಡಿದ್ದು ಪಶುವೈದ್ಯರನ್ನು ಕರೆಸಿದ್ದು. ಕಣ್ಣು ಮಂಜಾಗಿದ್ದರೆ, ಬೆನ್ನಿನಲ್ಲಿ ನೋವಿದ್ದರೆ, ಜೀನು ಒತ್ತುತ್ತಿದ್ದರೆ ಯಾವ ತಾಲೀಮಿನಿಂದಲೂ ಬೆದರಿಕೆ ಹೋಗದು. ಅಂಥದ್ದೇನೂ ಇಲ್ಲವೆಂದು ಖಚಿತವಾದ ಮೇಲೆ ಪಾಠ ಶುರುವಾಯಿತು. ಹುಡುಗಿ ಕುದುರೆಯ ಮೇಲೇರಲಿಲ್ಲ. ಕೆಳಗೆ ನಿಂತು ಹಗ್ಗ ಹಿಡಿದಳು.

ತಾಡಪತ್ರಿಯನ್ನು ಕರವಸ್ತ್ರದಷ್ಟು ಚಿಕ್ಕದಾಗಿ ಮಡಿಸಿ ಮೈದಾನದ ಆ ತುದಿಯಲ್ಲಿ ಇಟ್ಟರು. ಕುದುರೆಯನ್ನು ಅದರತ್ತ ನಡೆಸುತ್ತ ಬಂದರು. ಎಲ್ಲಿ ಅದರ ಕಿವಿ ನೆಟ್ಟಗಾಗಿ ಕುತ್ತಿಗೆ ಬಿಗಿಯಾಯಿತೋ, ಅಲ್ಲಿಗೆ ಎರಡು ಹೆಜ್ಜೆ ಇರುವಾಗಲೇ ನಿಲ್ಲಿಸುವುದು. ಕುದುರೆ ತಲೆ ತಗ್ಗಿಸಿ ಉಸಿರು ಬಿಟ್ಟ ಕೂಡಲೇ ತಿರುಗಿಸಿಕೊಂಡು ಹಿಂದಕ್ಕೆ ಕರೆದೊಯ್ಯುವುದು. ಮತ್ತೆ ಬರುವುದು, ಮತ್ತೆ ನಿಲ್ಲುವುದು, ಮತ್ತೆ ಹಿಂತಿರುಗುವುದು. ನೋಡುತ್ತ ಕುಳಿತ ನನಗೆ ಇದೇನು ಹೋಗಿ ಬರುವ ಆಟ ಎನಿಸಿತ್ತು. ಕಾಕಾ ವಿವರಿಸಿದರು: ಓಡಿಹೋಗಬೇಕೆನ್ನುವ ಜೀವಕ್ಕೆ ಎಲ್ಲಕ್ಕಿಂತ ದೊಡ್ಡ ಬಹುಮಾನ ಹಿಂದೆ ಸರಿಯುವ ಅವಕಾಶ. ಗಾಬರಿಯಾದಾಗ ಸರಿದರೆ ಅದು ಗಾಬರಿಯನ್ನು ಕಲಿಯುತ್ತದೆ, ಶಾಂತವಾಗಿದ್ದಾಗ ಸರಿದರೆ ಶಾಂತಿಯನ್ನು ಕಲಿಯುತ್ತದೆ. ಗುಟ್ಟು ಇಷ್ಟೇ.

ಕೆಲವು ದಿನಗಳಾದ ಮೇಲೆ ಇನ್ನೊಂದು ಉಪಾಯ. ಕಾಕಾ ತಾಡಪತ್ರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಮುಂದೆ ಮುಂದೆ ಹೋದರು, ಹುಡುಗಿ ಕುದುರೆಯೊಂದಿಗೆ ಹಿಂದೆ ಹಿಂದೆ ಹೋದಳು. ನಮ್ಮನ್ನು ಅಟ್ಟಿಸಿಕೊಂಡು ಬರುವುದು ಹುಲಿ. ನಾವು ಅಟ್ಟಿದಾಗ ಓಡುವುದು ಹುಲಿಯಾಗಲು ಹೇಗೆ ಸಾಧ್ಯ? ಕುದುರೆಯ ಕಿವಿ ಮುಂದಕ್ಕೆ ಬಂತು, ಮೂಗು ಕೆಳಗಿಳಿಯಿತು. ಮೂರನೇ ವಾರ ಅದೇ ತಾನಾಗಿ ತಾಡಪತ್ರಿಯನ್ನು ಮೂಸಿತು. ಆಗ ಒಂದು ತುಂಡು ಗಜ್ಜರಿ ಸಿಕ್ಕಿತು. ಆಮೇಲೆ ಒಂದು ಮಡಿಕೆ ಬಿಚ್ಚುವುದು, ಇನ್ನೊಂದು ಮಡಿಕೆ ಬಿಚ್ಚುವುದು. ಎಡಗಡೆಯಿಂದ ಕಲಿತದ್ದನ್ನೆಲ್ಲ ಬಲಗಡೆಯಿಂದ ಹೊಸದಾಗಿ ಕಲಿಸುವುದು. ಪ್ರತಿದಿನ ಹದಿನೈದು ಇಪ್ಪತ್ತು ನಿಮಿಷ, ಅಷ್ಟೇ. ಚೆನ್ನಾಗಿ ಮಾಡಿದಾಗ ನಿಲ್ಲಿಸಿಬಿಡುವುದು.

ಈ ಕೆಲಸದಲ್ಲಿ ಹುಡುಗಿಗೂ ನಿಯಮಗಳಿದ್ದವು. ತಲೆಗೆ ಹೆಲ್ಮೆಟ್, ಕಾಲಿಗೆ ಮುಚ್ಚಿದ ಬೂಟು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಕೂಡದು, ಕುದುರೆ ಓಡಿದರೆ ಕೈಯೇ ಹೋದೀತು. ನೇರ ಮುಂದೆ ನಿಲ್ಲಕೂಡದು, ಹೆಗಲ ಪಕ್ಕದಲ್ಲಿರಬೇಕು. ತಿಳಿದವರಿಲ್ಲದೆ ಒಬ್ಬಳೇ ಪ್ರಯತ್ನಿಸಲೇಕೂಡದು. ನಿಮ್ಮಲ್ಲಿ ಯಾರಾದರೂ ಸವಾರಿ ಕಲಿಯುತ್ತಿದ್ದರೆ ಇದನ್ನು ಗಟ್ಟಿಯಾಗಿ ನೆನಪಿಡಿ.

"ಕುದುರೆಯನ್ನು ಕಂಬಕ್ಕೆ ಬಿಗಿದು ಕಟ್ಟಿ ತಾಡಪತ್ರಿಯನ್ನು ಮೈಮೇಲೆ ಬೀಸಿದರೆ ಒಂದೇ ದಿನಕ್ಕೆ ಮುಗಿಯುವುದಿಲ್ಲವೇ?" ಎಂದು ಮೈದಾನಕ್ಕೆ ಬಂದಿದ್ದ ಒಬ್ಬರು ಕೇಳಿದರು. ಹೆದರುವವರ ಮೇಲೆ ಕಪ್ಪೆ ಎಸೆದರಂತೆ ಎಂಬ ನಮ್ಮ ಗಾದೆ ನನಗೆ ನೆನಪಾಯಿತು. ಹಾಗೆ ಮಾಡುವವರೂ ಉಂಟು. ಕುದುರೆ ಒದ್ದಾಡಿ ಒದ್ದಾಡಿ ಕೊನೆಗೆ ಸುಮ್ಮನಾಗುತ್ತದೆ. ಆದರೆ ಆ ಸುಮ್ಮನಿರುವಿಕೆ ಧೈರ್ಯವಲ್ಲ, ಸೋಲು. ಹಗ್ಗವಿಲ್ಲದ ದಿನ ಅದೇ ಭಯ ಇಮ್ಮಡಿಯಾಗಿ ಎದ್ದು ಬರುತ್ತದೆ.

ಹಳೆಯ ಪುಸ್ತಕಗಳಲ್ಲಿ ಹೊಸ ಪಾಠ

ಕಾಕಾ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೆ ಅವರು ಹೇಳಿದ್ದನ್ನೇ ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಕ್ಸೆನೊಫೋನ್ ಎಂಬ ದಂಡನಾಯಕ ಬರೆದಿಟ್ಟಿದ್ದಾನೆ. ಕುದುರೆ ಯಾವುದನ್ನಾದರೂ ಕಂಡು ಬೆದರಿದರೆ ಸವಾರ ಮೊದಲು ತಾನೇ ಅದನ್ನು ಮುಟ್ಟಿ ತೋರಿಸಬೇಕು, ಆಮೇಲೆ ಕುದುರೆಯನ್ನು ಮೃದುವಾಗಿ ಹತ್ತಿರಕ್ಕೆ ತರಬೇಕು ಎಂಬುದು ಅವನ ಸಲಹೆ. ಹೊಡೆದರೆ ಭಯ ಇನ್ನೂ ಹೆಚ್ಚುತ್ತದೆ, ಏಕೆಂದರೆ ನೋವಿಗೂ ಆ ವಸ್ತುವೇ ಕಾರಣವೆಂದು ಕುದುರೆ ತಿಳಿಯುತ್ತದೆ ಎಂದೂ ಅವನು ಎಚ್ಚರಿಸಿದ್ದಾನೆ.

ಅಲೆಗ್ಸಾಂಡರನ ಕಥೆ ನಿಮಗೆ ಗೊತ್ತಿರಬಹುದು. ಯಾರಿಗೂ ಬಗ್ಗದ ಬ್ಯುಸೆಫಲಸ್ ಎಂಬ ಕುದುರೆ ತನ್ನ ನೆರಳಿಗೇ ಹೆದರುತ್ತಿದೆ ಎಂಬುದನ್ನು ಆ ಹುಡುಗ ಗಮನಿಸಿದ, ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದ, ನೆರಳು ಹಿಂದೆ ಬಿತ್ತು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಉಳಿದವರೆಲ್ಲ ಕುದುರೆಯ ಹಠವನ್ನು ಕಂಡರು, ಅವನೊಬ್ಬ ಕುದುರೆಯ ಭಯವನ್ನು ಕಂಡ. ಮುಂದೆ ಅದೇ ಕುದುರೆ ಅವನೊಂದಿಗೆ ನಮ್ಮ ಝೀಲಂ ನದಿಯವರೆಗೂ ಬಂತು, ಕ್ರಿ.ಪೂ. 326ರಲ್ಲಿ ಇಲ್ಲಿಯೇ ಸತ್ತಿತು.

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿನಿಯಾಗಿದ್ದ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆನ್ನಾ ಸೆವೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’. 1877ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಕಥೆ ಹೇಳುವುದು ಕುದುರೆಯೇ. ಮರಿಕುದುರೆಗೆ ರೈಲಿನ ಭಯ ಹೋಗಲೆಂದು ಯಜಮಾನ ಅದನ್ನು ಎರಡು ವಾರ ರೈಲು ಹಳಿಯ ಪಕ್ಕದ ಹುಲ್ಲುಗಾವಲಿನಲ್ಲಿ ಮೇಯಲು ಬಿಡುತ್ತಾನೆ. ಮೊದಲ ರೈಲು ಬಂದಾಗ ಮರಿ ದಿಕ್ಕೆಟ್ಟು ಓಡುತ್ತದೆ. ಆದರೆ ಅಲ್ಲಿದ್ದ ದನಗಳು ತಲೆ ಎತ್ತುವುದೂ ಕಷ್ಟವೆಂಬಂತೆ ಮೇಯುತ್ತಲೇ ಇರುತ್ತವೆ. ನೋಡಿ ನೋಡಿ ಮರಿಗೂ ರೈಲು ಮಾಮೂಲಾಗುತ್ತದೆ. ನಮ್ಮ ಕಾಕಾ ಕೂಡ ಮೈದಾನದ ಮುದಿ ಗಂಡುಕುದುರೆಯೊಂದನ್ನು ಪ್ರತಿದಿನ ತಾಡಪತ್ರಿಯ ಪಕ್ಕದಲ್ಲೇ ಮೇವು ತಿನ್ನಲು ನಿಲ್ಲಿಸುತ್ತಿದ್ದರು!

ವಿಜ್ಞಾನ ಏನು ಹೇಳುತ್ತದೆ?

ಡೆನ್ಮಾರ್ಕಿನ ಜಾನೆ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷ ಪ್ರಾಯದ 27 ಗಂಡುಕುದುರೆಗಳಿಗೆ ಬಿಳಿ ನೈಲಾನ್ ಚೀಲವೊಂದನ್ನು ಪರಿಚಯಿಸಿದರು. ಒಂದು ಗುಂಪಿಗೆ ಚೀಲದ ಪೂರ್ಣ ಆರ್ಭಟವನ್ನು ಒಮ್ಮೆಗೇ ತೋರಿಸಿದರು. ಇನ್ನೊಂದಕ್ಕೆ ಹಂತ ಹಂತವಾಗಿ ತೋರಿಸಿದರು. ಮೂರನೆಯದಕ್ಕೆ ಚೀಲದೊಂದಿಗೆ ತಿಂಡಿಯ ನೆನಪನ್ನು ಜೋಡಿಸಿದರು. ಹಂತ ಹಂತವಾಗಿ ಕಲಿತ ಗುಂಪೇ ಕಡಿಮೆ ಬೆದರಿತು, ಬೇಗ ಕಲಿಯಿತು. ಆ ಗುಂಪಿನ ಎಲ್ಲ ಕುದುರೆಗಳೂ ಕಲಿತವು. ಉಳಿದ ಗುಂಪುಗಳಲ್ಲಿ ಕೆಲವು ಕೊನೆಯವರೆಗೂ ಕಲಿಯಲಿಲ್ಲ. ನಿಧಾನದ ದಾರಿಯೇ ಹತ್ತಿರದ ದಾರಿಯಾಯಿತು. ಜೊತೆಗೆ ಶಾಂತವಾದ ಒಂದು ಕುದುರೆಯಿದ್ದರೆ ಹೊಸ ಕುದುರೆಯ ಭಯ ತಗ್ಗುತ್ತದೆ ಎಂಬುದನ್ನೂ ಅವರು 2008ರಲ್ಲಿ ತೋರಿಸಿಕೊಟ್ಟರು.

ಸ್ವೀಡನ್ನಿನ ಪ್ರಯೋಗ ಇನ್ನೂ ಸ್ವಾರಸ್ಯಕರ. ಅದು 2009ರಲ್ಲಿ ಪ್ರಕಟವಾದದ್ದು. ಕುದುರೆಗಳನ್ನು ಒಂದೇ ದಾರಿಯಲ್ಲಿ ನಾಲ್ಕು ಸಲ ನಡೆಸಲು ಜನರಿಗೆ ಹೇಳಿದರು. ನಾಲ್ಕನೇ ಸಲಕ್ಕೆ ಮುಂಚೆ, "ಈ ಬಾರಿ ಕುದುರೆ ಹಾದುಹೋಗುವಾಗ ಕೊಡೆ ಬಿಚ್ಚುತ್ತೇವೆ" ಎಂದು ತಿಳಿಸಿದರು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಅವರೊಂದಿಗೆ ಏನೂ ಅರಿಯದ ಕುದುರೆಗಳ ಎದೆಬಡಿತವೂ ಏರಿತು! ಕುದುರೆ ಹೆದರಿದ್ದು ಕೊಡೆಗಲ್ಲ, ಹಗ್ಗ ಹಿಡಿದವರ ಹೆದರಿಕೆಗೆ. ಇದನ್ನು ಓದಿದಾಗ, ಕಾಕಾ ದಿನವೂ ಹುಡುಗಿಗೆ ಮೊದಲು "ನೀನು ಉಸಿರು ಬಿಡು" ಎಂದು ಏಕೆ ಹೇಳುತ್ತಿದ್ದರೆಂದು ನನಗೆ ಅರ್ಥವಾಯಿತು.

ಇನ್ನೊಂದು ಸಂಗತಿ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ಆಟದ ಸಾಮಾನೊಂದಕ್ಕೆ ಚೆನ್ನಾಗಿ ಹೊಂದಿಕೊಂಡಿದ್ದ ಕುದುರೆಗಳು ಅದನ್ನೇ ಬೇರೆ ದಿಕ್ಕಿಗೆ ತಿರುಗಿಸಿಟ್ಟಾಗ ಹೊಸ ವಸ್ತುವೆಂಬಂತೆ ಬೆದರಿದವು. "ನಿನ್ನೆ ನೋಡಿದ್ದಕ್ಕೆ ಇವತ್ತೇಕೆ ಹೆದರುತ್ತೀಯೆ?" ಎಂದು ಕುದುರೆಯನ್ನು ಗದರುವುದರಲ್ಲಿ ಅರ್ಥವಿಲ್ಲ.

ಮೈಸೂರಿನ ಕುಶಾಲತೋಪು

ಈ ವಿದ್ಯೆಯ ದೊಡ್ಡ ಪರೀಕ್ಷೆ ನಡೆಯುವುದು ನಮ್ಮ ಮೈಸೂರಿನಲ್ಲಿ. ವಿಜಯದಶಮಿಯಂದು 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಕುಳಿತ ತಾಯಿ ಚಾಮುಂಡೇಶ್ವರಿಗೆ ಮುಖ್ಯಮಂತ್ರಿಗಳು ಪುಷ್ಪಾರ್ಚನೆ ಮಾಡುವಾಗ 21 ಕುಶಾಲತೋಪು ಹಾರಿಸುವುದು ವಾಡಿಕೆ. ಏಳು ಫಿರಂಗಿಗಳು, ಮೂರು ಸುತ್ತು. ನೆಲ ನಡುಗುವ ಆ ಸದ್ದಿನ ನಡುವೆ ಲಕ್ಷಾಂತರ ಜನರ ಎದುರು ಆನೆಗಳೂ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳೂ ಶಿಸ್ತಾಗಿ ಇರಬೇಕು. ಒಂದು ಬೆದರಿದರೆ ಎಂಥ ಅನಾಹುತವಾದೀತು, ನೀವೇ ಊಹಿಸಿ.

ಅದಕ್ಕಾಗಿಯೇ ದಸರೆಗೆ ಕೆಲವು ವಾರ ಮುಂಚೆ ಸಿಡಿಮದ್ದಿನ ತಾಲೀಮು ನಡೆಯುತ್ತದೆ. ಆನೆ ಕುದುರೆಗಳನ್ನು ಒಂದೆಡೆ ಸೇರಿಸಿ, ಅವುಗಳ ಎದುರಿಗೇ ತೋಪು ಹಾರಿಸುತ್ತಾರೆ. ಒಂದು ಸಲಕ್ಕೆ ಮುಗಿಸದೆ ಬೇರೆ ಬೇರೆ ದಿನಗಳಲ್ಲಿ ಮತ್ತೆ ಮತ್ತೆ ಮಾಡುತ್ತಾರೆ. ಹೊಸದಾಗಿ ಬಂದ ಪ್ರಾಣಿಗಳು ಮೊದಲ ದಿನ ಬೆಚ್ಚುತ್ತವೆ, ಹಿಂದೆ ಸರಿಯುತ್ತವೆ. ಹಿಂದಿನ ದಸರೆಗಳನ್ನು ಕಂಡ ಹಿರಿಯ ಆನೆಗಳು ಮಾತ್ರ ಏನೂ ಆಗದವರಂತೆ ನಿಂತಿರುತ್ತವೆ. ಹಿರಿಯರನ್ನು ನೋಡುತ್ತ ಕಿರಿಯರೂ ದಿನದಿಂದ ದಿನಕ್ಕೆ ಸಾವರಿಸಿಕೊಳ್ಳುತ್ತವೆ.

ಮೈಸೂರಿನ ಕುದುರೆಗಳಿಗೆ ಇನ್ನೂ ದೊಡ್ಡ ಇತಿಹಾಸವಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಹೈಫಾ ನಗರದ ಮೇಲೆ ಕುದುರೆಯೇರಿ ನುಗ್ಗಿದವು. ಎದುರಿಗೆ ಇದ್ದದ್ದು ಮೆಷಿನ್ ಗನ್ನು, ಫಿರಂಗಿ. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರಲ್ಲಿ ಒಬ್ಬ ನಮ್ಮ ಮೈಸೂರಿನವನು. ಅಲ್ಲಿ ಕುದುರೆಯ ಪ್ರತಿಮೆಯಿಲ್ಲ. ಆದರೆ ಗುಂಡಿನ ಸದ್ದಿಗೆ ಬೆನ್ನು ತಿರುಗಿಸದ ಆ ಮೂಕ ಪ್ರಾಣಿಗಳಿಲ್ಲದೆ ಆ ವಿಜಯ ಇಲ್ಲ.

ನವರಾತ್ರಿಯ ವೇಳೆಗೆ

ನಮ್ಮ ಕಂದು ಕುದುರೆ ಏನಾಯಿತು ಎಂದು ಕೇಳುತ್ತೀರಲ್ಲವೇ? ನವರಾತ್ರಿಯ ವೇಳೆಗೆ ಅದು ನೆಲದ ಮೇಲೆ ಹಾಸಿದ ತಾಡಪತ್ರಿಯ ಮೇಲೆ ಹೆಜ್ಜೆಯಿಟ್ಟು ದಾಟಿತು. ಮಾಲೀಕರು ಮಾರುವ ಮಾತು ಬಿಟ್ಟರು. ಭಯ ಪೂರ್ತಿ ಹೋಯಿತೇ ಎಂದರೆ, ಇಲ್ಲ. ಬಲೂನು ಮಾರುವವನ ಸೈಕಲ್ಲು ಅದಕ್ಕೆ ಇಂದಿಗೂ ಆಗದು. ಹುಡುಗಿ ಇಳಿದು, ಹಗ್ಗ ಹಿಡಿದು, ದೂರದಿಂದ ಸುತ್ತಿಸಿಕೊಂಡು ಹೋಗುತ್ತಾಳೆ. ಆದರೆ ಒಂದು ಬದಲಾವಣೆ ಮಾತ್ರ ನನ್ನ ಕಣ್ಣಿಗೇ ಬಿದ್ದಿದೆ. ಮೊದಲು ಹೆದರಿದಾಗ ಅದರ ಕಾಲು ಓಡುತ್ತಿತ್ತು. ಈಗ ಹೆದರಿದಾಗ ನಿಂತು, ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿ, ಬೆನ್ನ ಮೇಲಿರುವವಳನ್ನು ಕೇಳುತ್ತದೆ: ಏನು ಮಾಡೋಣ? ಧೈರ್ಯ ಎಂದರೆ ಭಯವಿಲ್ಲದಿರುವುದಲ್ಲ, ಭಯವಾದಾಗ ಯಾರನ್ನು ಕೇಳಬೇಕೆಂದು ತಿಳಿದಿರುವುದು ಎಂದು ನನಗೆ ಅನಿಸುತ್ತದೆ.

ಕೊನೆಯದಾಗಿ ಒಂದು ಮಾತು. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಮೈಕಿನ ಮುಂದೆ ಬಂದು ಕನ್ನಡದಲ್ಲಿ ನಾಲ್ಕು ಮಾತಾಡಲು ನಿಮ್ಮಲ್ಲಿ ಅನೇಕರು ಹಿಂಜರಿಯುತ್ತೀರಿ. ಮನೆಯಲ್ಲಿ ಸಲೀಸಾಗಿ ಆಡುವ ಮಾತು ವೇದಿಕೆಯಲ್ಲಿ ಗಂಟಲಲ್ಲೇ ನಿಲ್ಲುತ್ತದೆ. ‘ಳ’ ಹೋಗಿ ‘ಲ’ ಆದಾಗ ನಕ್ಕ ಹಿರಿಯರನ್ನು ನೀವು ಮರೆತಿಲ್ಲ. ಆ ನಗು ಕುದುರೆಗೆ ಬಿದ್ದ ಚಾವಟಿಯಂತೆ. ಅದು ನೋವಿನ ನೆನಪನ್ನು ಭಾಷೆಗೇ ಅಂಟಿಸಿಬಿಡುತ್ತದೆ. ಹಿರಿಯರಿಗೆ ನನ್ನ ವಿನಂತಿ, ನಾವು ಮೇವು ತಿನ್ನುತ್ತ ನಿಂತ ಮುದಿ ಕುದುರೆಯಾಗೋಣ. ಪಕ್ಕದಲ್ಲಿ ಸಮಾಧಾನವಾಗಿ ಇದ್ದರೆ ಸಾಕು. ನಿಮಗೆ ನನ್ನ ಸಲಹೆ, ತಾಡಪತ್ರಿಯನ್ನು ಮಡಿಸಿ ಚಿಕ್ಕದು ಮಾಡಿಕೊಳ್ಳಿ. ಈ ವರ್ಷ ಒಂದು ವಾಕ್ಯದ ಸ್ವಾಗತ, ಬರುವ ವರ್ಷ ಒಂದು ನಿಮಿಷದ ಮಾತು. ಮಾತು ಚೆನ್ನಾಗಿ ಬಂದ ಕೂಡಲೇ ಕೆಳಗಿಳಿದು ಬನ್ನಿ, ತಪ್ಪೇನೂ ಇಲ್ಲ.

ಮುಂದಿನ ಸಲ ಅಜ್ಜಿಯ ಊರಿಗೆಂದು ಹೋದಾಗ ದಸರೆಯ ಸಮಯವಾದರೆ ಮೈಸೂರಿಗೂ ಹೋಗಿಬನ್ನಿ. ಅಂಬಾರಿಯನ್ನು ಎಲ್ಲರೂ ನೋಡುತ್ತಾರೆ. ತೋಪು ಹಾರಿದಾಗ ನೀವು ಮಾತ್ರ ಕುದುರೆಗಳ ಕಿವಿಗಳನ್ನು ನೋಡಿ.